ನನ್ನದೇನುಂಟು ಮಾರಾಯ್ರೆ ಬಚ್ಚಿಡ್ಲಿಕ್ಕೆ!

ಒಂದು ಮಾತು ಕೇಳ್ತೇನೆ, ಬೇಜಾರು ಮಾಡ್ಬೇಡಿ. ನಿಮ್ಮ ಸಂಬಳ ಎಷ್ಟು? ನೋಡಿ, ನೋಡಿ, ಮುಖ ಹೇಗೆ ಗಂಟಾಯ್ತು! ಹೋಗ್ಲಿ ಬಿಡಿ. ಎಫ್‌ಡಿ ಎಷ್ಟುಂಟು? ಡೊಂಬಿವಿಲಿ ಫ್ಲ್ಯಾಟು ಎಷ್ಟಕ್ಕೆ ತೆಗೊಂಡ್ರಿ? (ಬ್ಲ್ಯಾಕ್ ಎಷ್ಟು, ವೈಟ್ ಎಷ್ಟು ಅಂತ ನಾನು ಕೇಳ್ಲಿಲ್ಲ, ಗಾಬರಿ ಬೇಡ.) ಯಾವುದಕ್ಕೂ ಉತ್ತರ ಇಲ್ಲ. ಬಾಯಿಗೆ ಬೀಗ.

ನಿಮ್ಮ ಬೀಗದ ಮೇಲೆ ನನಗೆ ಗೌರವ ಉಂಟು. ಊರಿಂದ ಬಂದ ಭಾವನಿಗೂ ನೀವು ಬಾಯಿ ಬಿಡ್ಲಿಲ್ಲ. ಕುರ್ಲಾದ ಬಂಟರ ಭವನದಲ್ಲಿ ಮದುವೆ ಊಟಕ್ಕೆ ಪಕ್ಕದಲ್ಲಿ ಕೂತು, ಹೋಳಿಗೆಗೆ ತುಪ್ಪ ಹಾಕಿಸ್ಕೊಳ್ತಾ ನಯವಾಗಿ ಕೆದಕಿದವರಿಗೂ ಹೇಳ್ಲಿಲ್ಲ.

ಈಗ ಇನ್‌ಕಮ್ ಟ್ಯಾಕ್ಸ್‌ನವರ ಪೋರ್ಟಲಿಗೆ ಹೋಗಿ, ಎಐಎಸ್ ಅಂತ ಒಂದುಂಟು, ತೆಗೆದು ನೋಡಿ. 2021ರ ನವೆಂಬರಿನಲ್ಲಿ ಶುರುವಾದದ್ದು. ನಿಮ್ಮ ಸಂಬಳ, ಎಫ್‌ಡಿ ಬಡ್ಡಿ, ಮಾರಿದ ಶೇರು, ಕೊಂಡ ಮ್ಯೂಚುವಲ್ ಫಂಡು, ಸೇವಿಂಗ್ಸ್ ಖಾತೆಗೆ ಬಿದ್ದ ಚಿಲ್ಲರೆ ಬಡ್ಡಿ, ಎಲ್ಲ ಸಾಲಾಗಿ ಕೂತುಕೊಂಡಿದೆ. ಹೆಂಡತಿಗೆ ಗೊತ್ತಿಲ್ಲದ ಆ ಒಂದು ಎಫ್‌ಡಿ (ಉಂಟು, ಇಲ್ಲ ಅನ್ಬೇಡಿ), ಅದೂ ಅಲ್ಲುಂಟು.

ಅದನ್ನು ನೋಡಿ ನೀವು ಬೆವರಿದ್ರಾ? ಇಲ್ಲ. ‘ಅಬ್ಬ, ರಿಟರ್ನ್ ತುಂಬಿಸ್ಲಿಕ್ಕೆ ಸುಲಭ ಆಯ್ತು’ ಅಂದ್ರಿ. ಅಷ್ಟರಲ್ಲಿ ಹೆಂಡತಿ ಚಹಾ ತಂದ್ಲು. ಲ್ಯಾಪ್‌ಟಾಪ್ ದಡಕ್ಕನೆ ಮುಚ್ಚಿದ್ರಿ. ಆಗ ಬೆವರಿದ್ರಿ!

ಇಲ್ಲೇ ನೋಡಿ ನಿಮ್ಮ ಲೆಕ್ಕಾಚಾರ ನನ್ನ ತಲೆಗೆ ಹೋಗದ್ದು. ‘ಸರಕಾರ ನೋಡಿದ್ರೆ ನೋಡ್ಲಿ, ನನ್ನದೇನುಂಟು ಬಚ್ಚಿಡ್ಲಿಕ್ಕೆ’ ಅಂತ ಬೆಳಿಗ್ಗಿನ ಫಾಸ್ಟ್ ಲೋಕಲ್‌ನಲ್ಲಿ ಗಂಟಲು ಹರಿಯುವ ಹಾಗೆ ವಾದಿಸುವವರು ನೀವೇ. ಪಕ್ಕದಲ್ಲಿ ನೇತಾಡ್ತಿದ್ದವ ನಿಮ್ಮ ಮೊಬೈಲಿಗೆ ಇಣುಕಿದ ಕೂಡ್ಲೇ ಸ್ಕ್ರೀನು ಎದೆಗೆ ಒತ್ತಿಕೊಳ್ಳುವವರೂ ನೀವೇ. ಆ ಪಾಪದವ ಮುಂದಿನ ಸ್ಟೇಶನಿಗೆ ಇಳಿದು ಹೋಗ್ತಾನೆ, ಮಾರಾಯ್ರೆ. ಅವನಿಂದ ನಿಮಗೆ ಎಂತ ಆಗ್ಬೇಕು?

ಪೂರಾ ತಪ್ಪು ನಿಮ್ಮದಲ್ಲ, ಈ ಬೊಂಬಾಯಿಯ ನೀರೇ ಹಾಗೆ. ಗಿರ್‌ಗಾಂವ್, ಪರೇಲ್, ಲಾಲ್‌ಬಾಗ್ ಕಡೆಯ ಚಾಳಿನಲ್ಲಿ ಸಂಸಾರ ಮಾಡಿ ಬೆಳೆದ ಊರಿದು. ಒಂದೇ ಖೋಲಿ, ಎದುರಿಗೆ ಉದ್ದದ ಗ್ಯಾಲರಿ, ಗ್ಯಾಲರಿಯ ತುದಿಗೆ ಎಲ್ಲರಿಗೂ ಸೇರಿದ ಸಂಡಾಸು. ಬೆಳಿಗ್ಗೆ ನೀವು ಡಬ್ಬ ಹಿಡಿದುಕೊಂಡು ಎಷ್ಟು ಸಲ ಆ ಕಡೆ ಹೋದ್ರಿ ಅನ್ನುವುದು ಎದುರು ಖೋಲಿಯ ಕಾಕೂಗೆ ನಿಮಗಿಂತ ಸರಿಯಾಗಿ ಗೊತ್ತಿತ್ತು. ಹೆಚ್ಚಾದ್ರೆ ಓಮದ ನೀರು ತಂದು ಕೊಡ್ತಿದ್ಲು.

ನಮ್ಮ ಹಿರಿಯರನ್ನೇ ನೋಡಿ. ಉಡುಪಿ ಹೋಟೆಲಿನಲ್ಲಿ ಹಗಲಿಡೀ ಮೇಜು ಒರೆಸಿ, ಸಂಜೆ ಕನ್ನಡ ನೈಟ್ ಸ್ಕೂಲಿಗೆ ಹೋಗಿ, ರಾತ್ರಿ ಅದೇ ಮೇಜು ಜೋಡಿಸಿ ಮಲಗಿದವರು. ಅವರಿಗೆ ಖಾಸಗಿ ಅಂತ ಇದ್ದದ್ದು ಒಂದು ತಗಡಿನ ಟ್ರಂಕು. (ಅದರ ಬೀಗದ ಕೈ ಕಳೆದ್ರೆ ಒಂಬತ್ತು ಜನರ ಕೀಲಿಕೈ ಅದಕ್ಕೆ ಆಗ್ತಿತ್ತು, ಆ ಮಾತು ಬೇರೆ.)

ಪಿಪಿ ನಂಬರ್ ನೆನಪುಂಟಾ? ಮದುವೆ ಕಾಗದದಲ್ಲಿ, ವಿಸಿಟಿಂಗ್ ಕಾರ್ಡಿನಲ್ಲಿ ಫೋನ್ ನಂಬರಿನ ಪಕ್ಕ ‘ಪಿಪಿ’ ಅಂತ ಬರೀತಿದ್ರು. ಫೋನು ಪಕ್ಕದ ಮನೆಯದ್ದು, ಮಾತು ನಿಮ್ಮದು, ಕೇಳುವವರು ಇಡೀ ಮಾಳಿಗೆ. ಹುಡುಗಿ ನೋಡಿ ಬಂದ ವಿಷಯ ನಿಮ್ಮ ಅಮ್ಮನಿಗೆ ತಲುಪುವ ಮೊದಲು ಚಾಳಿನ ಕೊನೆ ಖೋಲಿಗೆ ತಲುಪಿರ್ತಿತ್ತು. ಈ ಕದ್ದಾಲಿಕೆಗೆ ಈಗಿನ ಹಾಗೆ ಗೃಹ ಕಾರ್ಯದರ್ಶಿಯ ಸಹಿಯೂ ಬೇಕಿರ್ಲಿಲ್ಲ.

ಆದ್ರೆ ಒಂದು ಮಾತು. ಕಾಕೂ ಜೊತೆ ನಳ್ಳಿ ಹತ್ತಿರ ಜಗಳ ಮಾಡ್ಬಹುದಿತ್ತು. ಅವಳ ಮಗ ರಾತ್ರಿ ಎಷ್ಟು ಗಂಟೆಗೆ, ಯಾವ ಸ್ಥಿತಿಯಲ್ಲಿ ಬರ್ತಾನೆ ಅಂತ ನಿಮಗೂ ಗೊತ್ತಿತ್ತಲ್ಲ! ಲೆಕ್ಕ ಚುಕ್ತಾ. ಈಗ ನಿಮ್ಮನ್ನು ನೋಡ್ತಾ ಕೂತವರ ಮಗ ಎಷ್ಟು ಗಂಟೆಗೆ ಬರ್ತಾನೆ, ಗೊತ್ತುಂಟಾ ನಿಮಗೆ?

ಬೀದಿಯ ಕ್ಯಾಮೆರಾ ಯಾಕೆ ಬಂತು ಅಂತ ನಮಗೆಲ್ಲ ಗೊತ್ತು. ಅದು ತಮಾಷೆಯ ವಿಷಯ ಅಲ್ಲ. 2008ರ ನವೆಂಬರ್ 26ರ ರಾತ್ರಿ ಸಿಎಸ್‌ಟಿ, ತಾಜ್, ಕಾಮಾ ಆಸ್ಪತ್ರೆ, ನರೀಮನ್ ಹೌಸ್ ಅಂತ ಟಿವಿ ಮುಂದೆ ಉಸಿರು ಹಿಡಿದು ಕೂತವರು ನಾವು. ಆಮೇಲೆ ರಾಮ್ ಪ್ರಧಾನ್ ಸಮಿತಿ ಕೂತಿತು, ಊರಿಗೆ ಕ್ಯಾಮೆರಾ ಬೇಕು ಅಂದಿತು. ಟೆಂಡರು, ಮರು ಟೆಂಡರು ಅಂತ ಎಂಟು ವರ್ಷ ಹೋಗಿ 2016ರ ಅಕ್ಟೋಬರಿಗೆ 4,700ಕ್ಕೂ ಹೆಚ್ಚು ಕ್ಯಾಮೆರಾ ಸುಮಾರು 1,500 ಜಾಗದಲ್ಲಿ ಕಣ್ಣು ಬಿಟ್ಟವು. ಸರ ಕಿತ್ತವರು ಸಿಕ್ಕಿದ್ರು, ಗುದ್ದಿ ಓಡಿದ ಗಾಡಿ ಸಿಕ್ಕಿತು. ಬೇಡ ಅನ್ಲಿಕ್ಕೆ ನನಗೂ ಬಾಯಿ ಬರುವುದಿಲ್ಲ.

ಆದ್ರೆ ಅದೇ ತಿಂಗಳು ಇ-ಚಲನ್ ಕೂಡ ಶುರುವಾಯ್ತು ನೋಡಿ, ಅಲ್ಲಿ ನಿಮ್ಮ ದೇಶಭಕ್ತಿಗೆ ಪರೀಕ್ಷೆ ಬಂತು. ಭಯೋತ್ಪಾದಕರನ್ನು ಹಿಡೀಲಿಕ್ಕೆ ಬಂದ ಕ್ಯಾಮೆರಾ ಸಾಯನ್ ಸಿಗ್ನಲಿನಲ್ಲಿ ಝೀಬ್ರಾ ಕ್ರಾಸಿಂಗ್ ದಾಟಿ ನಿಂತ ನಿಮ್ಮ ಆ್ಯಕ್ಟಿವಾವನ್ನು ಹಿಡೀತು. ಅವತ್ತು ಮಾತ್ರ ನೀವು ‘ಇದೆಂತ ಮೊಗಲಾಯಿ!’ ಅಂತ ಕೂಗಿದ್ರಿ. ಫೋಟೋದಲ್ಲಿ ಹಿಂದಿನ ಸೀಟಿನಲ್ಲಿ ಯಾರು ಕೂತಿದ್ರು ಅಂತ ಮನೆಯಲ್ಲಿ ಕೇಳಿದಾಗ ಖಾಸಗಿತನದ ಮೂಲಭೂತ ಹಕ್ಕೂ ನೆನಪಾಯ್ತು.

ಇನ್ನು ಸೊಸೈಟಿಯ ಕ್ಯಾಮೆರಾ. ಇದಕ್ಕೆ ಸರಕಾರವನ್ನು ಬಯ್ಯುವ ಹಾಗಿಲ್ಲ, ಎಜಿಎಂನಲ್ಲಿ ಕೈ ಎತ್ತಿದವರು ನೀವೇ. ಶ್ರಾವಣ ಸೋಮವಾರ ಯಾವ ಫ್ಲೋರಿಗೆ ಬಿರಿಯಾನಿ ಪಾರ್ಸೆಲ್ ಹೋಯ್ತು, ‘ಬಿ’ ವಿಂಗಿನ ಹುಡುಗಿಯನ್ನು ಬಿಟ್ಟು ಹೋದ ಕಾರಿನ ನಂಬರು ಎಂತ, ಎಲ್ಲ ಸೆಕ್ರೆಟರಿಯ ಮೊಬೈಲಿನಲ್ಲಿ. (ಹೋದ ವರ್ಷ ಸೆಕ್ರೆಟರಿ ಆಗ್ಲಿಕ್ಕೆ ನೀವೂ ನಿಂತಿದ್ರಿ ಅಂತ ಕೇಳಿದೆ. ಸಮಾಜ ಸೇವೆಗಾ?)

ಈಗ ಸ್ವಲ್ಪ ಹತ್ತಿರ ಬನ್ನಿ. ಫೋನಿನ ವಿಷಯ ಹೇಳ್ತೇನೆ. ಮೊಬೈಲು ಆಚೆ ಇಡಿ. (ಉಲ್ಟಾ ಇಟ್ರೆ ಸಾಲದು.)

2021ರ ಜುಲೈಯಲ್ಲಿ ಕಾಂಗ್ರೆಸಿನ ನಾನಾ ಪಟೋಲೆ ಮಹಾರಾಷ್ಟ್ರ ವಿಧಾನಸಭೆಯಲ್ಲಿ ಎದ್ದು ನಿಂತು ಒಂದು ದೂರು ಹೇಳಿದ್ರು. 2016-17ರಲ್ಲಿ, ತಾನು ಸಂಸದ ಆಗಿದ್ದಾಗ, ತನ್ನ ಫೋನನ್ನು ಕದ್ದು ಕೇಳಿದ್ದಾರೆ ಅಂತ. ಅದೂ ಕಾಗದದ ಮೇಲೆ ತನಗೆ ಇಟ್ಟ ಹೆಸರು ‘ಅಮ್ಜದ್ ಖಾನ್’! ನಿಮಗೆ ಗಬ್ಬರ್ ಸಿಂಗ್ ನೆನಪಾದ್ನಾ? ನನಗೂ. ಪೊಲೀಸ್ ಕೇಸಾಯ್ತು, ಪೇಪರಿನಲ್ಲಿ ಬಂತು, 2023ರಲ್ಲಿ ಬೊಂಬಾಯಿ ಹೈಕೋರ್ಟು ಆ ಕೇಸನ್ನು ರದ್ದು ಮಾಡಿತು.

ನಿಜ ಹೇಳಿ, ಇದನ್ನು ಓದಿದಾಗ ‘ನನ್ನ ಫೋನೂ ಟ್ಯಾಪ್ ಆಗಿದ್ರೆ?’ ಅಂತ ಒಳಗೊಳಗೇ ಒಂದು ಪುಳಕ ಆಗ್ಲಿಲ್ವಾ? ಅಷ್ಟು ದೊಡ್ಡ ಮನುಷ್ಯ ಆದೆನಲ್ಲ ಅಂತ! ಕೇಳುವವನ ಅವಸ್ಥೆ ಯೋಚಿಸಿ. ಬಂಗುಡೆ ಎಷ್ಟು ರೇಟು, ಮತ್ಸ್ಯಗಂಧ ಎಷ್ಟು ಲೇಟು, ಊರಿನ ನೇಮಕ್ಕೆ ಟಿಕೆಟ್ ಕನ್‌ಫರ್ಮ್ ಆಯ್ತಾ, ಅಕ್ಕನ ಸೊಸೆಗೆ ಎಷ್ಟು ಜಂಬ. ಒಂದು ವಾರದಲ್ಲಿ ಅವನು ವರ್ಗ ಕೇಳಿಕೊಂಡು ಹೋದಾನು.

ಫೋನ್ ಕದ್ದು ಕೇಳುವ ವಿಷಯದಲ್ಲಿ ನಮ್ಮ ಕರ್ನಾಟಕವೂ ಹಿಂದೆ ಬಿದ್ದಿಲ್ಲ. ರಾಮಕೃಷ್ಣ ಹೆಗಡೆ 1988ರ ಆಗಸ್ಟಿನಲ್ಲಿ ಮುಖ್ಯಮಂತ್ರಿ ಕುರ್ಚಿ ಬಿಟ್ಟದ್ದು ಇದೇ ಕದ್ದಾಲಿಕೆಯ ಗಲಾಟೆಯಲ್ಲಿ. ಆಗಿನ ಕಾಲಕ್ಕೆ ಅದಕ್ಕೊಂದು ರಾಜೀನಾಮೆಯಾದ್ರೂ ಸಿಗ್ತಿತ್ತು ಅನ್ನಿ.

ಇದರ ಕಾನೂನು ಯಾವ ಕಾಲದ್ದು ಗೊತ್ತುಂಟಾ? 1885ರ ಟೆಲಿಗ್ರಾಫ್ ಕಾಯಿದೆ. ಬ್ರಿಟಿಷರು ತಂತಿ ಕದ್ದು ಓದ್ಲಿಕ್ಕೆ ಮಾಡಿದ್ದು. ಅವರು ಹೋದ್ರು, ಕಾಯಿದೆ ಇತ್ತು. ತಂತಿಯೇ 2013ರಲ್ಲಿ ನಿಂತಿತು, ಕಾಯಿದೆ ಆಮೇಲೂ ಇತ್ತು. 2023ರಲ್ಲಿ ಹೊಸ ಟೆಲಿಕಾಂ ಕಾಯಿದೆ ಬಂತು ಅಂತ ಕುಣೀಬೇಡಿ, ಕೇಳುವ ಅಧಿಕಾರ ಅದರಲ್ಲೂ ಗಟ್ಟಿಯಾಗಿಯೇ ಉಂಟು.

ನಮ್ಮ ಬೊಂಬಾಯಿಯದ್ದೇ ಎರಡು ಕೇಸು ಹೇಳ್ತೇನೆ, ನಿದ್ದೆ ಮಾಡ್ಬೇಡಿ. ಒಂದು, ಮಲ್ಕಾನಿ ಕೇಸು. ಬೊಂಬಾಯಿಯ ಕೊರೋನರ್ ಸಾಹೇಬರು ಒಬ್ಬ ಡಾಕ್ಟರ ಹತ್ತಿರ ಫೋನಿನಲ್ಲಿ ಲಂಚ ಕೇಳಿದ್ರು. ಆ ಕಡೆ ಪೊಲೀಸರು ಟೇಪ್ ರೆಕಾರ್ಡರ್ ಇಟ್ಟುಕೊಂಡು ಕೂತಿದ್ರು. 1972ರಲ್ಲಿ ಸುಪ್ರೀಂ ಕೋರ್ಟು ಆ ಟೇಪು ಸಾಕ್ಷಿಗೆ ನಡೀತದೆ ಅಂದಿತು. ನಿರಪರಾಧಿಯ ಮಾತಿಗೆ ಕೋರ್ಟು ರಕ್ಷಣೆ ಕೊಡ್ತದೆ, ಅಪರಾಧಿಗಲ್ಲ ಅಂತ ತೀರ್ಪಿನ ಸಾರ.

ಒಳ್ಳೇ ಮಾತು. ಆದ್ರೆ ಅಪರಾಧಿ ಯಾರು, ನಿರಪರಾಧಿ ಯಾರು ಅಂತ ಕೇಳುವ ಮೊದಲು ಗೊತ್ತಾಗುವುದು ಹೇಗೆ? ಮೊದಲು ಎಲ್ಲರದ್ದೂ ಕೇಳ್ಬೇಕು. ಅಲ್ವಾ?

ಎರಡನೇದು ಇದಕ್ಕೆ ಉತ್ತರದ ಹಾಗೆ ಬಂತು. ಫೋನು ಕೇಳ್ಬೇಕಾದ್ರೆ ಗೃಹ ಕಾರ್ಯದರ್ಶಿಯ ಆದೇಶ ಬೇಕು, ಅದನ್ನು ಒಂದು ಸಮಿತಿ ಪರಿಶೀಲಿಸ್ಬೇಕು, ಸಾರ್ವಜನಿಕ ಸುರಕ್ಷತೆಗೆ ಕುತ್ತು ಇರ್ಬೇಕು ಅಂತ ಸುಪ್ರೀಂ ಕೋರ್ಟು 1996ರಲ್ಲೇ ಹೇಳಿತ್ತು. ಮುಂಬಯಿಯ ಒಬ್ಬ ಉದ್ಯಮಿ ಬ್ಯಾಂಕ್ ಅಧಿಕಾರಿಗೆ ಲಂಚ ಕೊಟ್ಟ ಅಂತ ಸಿಬಿಐ ಅವನ ಫೋನು ಕೇಳಿತ್ತು. 2019ರ ಅಕ್ಟೋಬರಿನಲ್ಲಿ ಬೊಂಬಾಯಿ ಹೈಕೋರ್ಟು, ಇದರಲ್ಲಿ ಯಾರ ಸುರಕ್ಷತೆಗೆ ಎಂತ ಕುತ್ತು ಅಂತ ಕೇಳಿ ಮೂರೂ ಆದೇಶ ರದ್ದು ಮಾಡಿ, ರೆಕಾರ್ಡಿಂಗು ನಾಶ ಮಾಡಿ ಅಂದಿತು. ಪಾಯಿಂಟ್ ಎಂತ ಅಂದ್ರೆ, ಅವನು ಕೋರ್ಟಿಗೆ ಹೋಗಿ ಕೇಳಿದ. ನೀವು ಹೋಗ್ತೀರಾ? ನಿಮಗೆ ಪಾರ್ಕಿಂಗ್ ಜಗಳಕ್ಕೇ ಟೈಮ್ ಸಾಲುವುದಿಲ್ಲ.

ಆ ಹೈಕೋರ್ಟಿನ ಕೈಗೆ ಈ ಬಲ ಕೊಟ್ಟದ್ದು ಯಾರು ಗೊತ್ತುಂಟಾ? ನಮ್ಮವರೇ, ಬೆಂಗಳೂರಿನ ಒಬ್ಬರು ಅಜ್ಜ. ಈ ಕಥೆ ಮಾತ್ರ ಸ್ವಲ್ಪ ನಿಧಾನಕ್ಕೆ ಹೇಳ್ಬೇಕು, ಯಾಕಂದ್ರೆ ಇದು ಆ ಕಡೆಯಿಂದಲೂ ಈ ಕಡೆಯಿಂದಲೂ ಕರ್ನಾಟಕ ಮತ್ತು ಮಹಾರಾಷ್ಟ್ರದ ಕಥೆ. ಮುಂಬಯಿ ಕನ್ನಡಿಗರಿಗೆ ಹೇಳಿ ಮಾಡಿಸಿದ ಹಾಗುಂಟು.

ಆಧಾರ್ ಪ್ರಾಧಿಕಾರದ ಮೊದಲ ಯಜಮಾನರು ಬೆಂಗಳೂರಿನ ನಂದನ್ ನಿಲೇಕಣಿ. 2009ರಲ್ಲಿ ಕುರ್ಚಿ ಹಿಡಿದ್ರು. ಮರುವರ್ಷ ಸೆಪ್ಟೆಂಬರ್ 29ಕ್ಕೆ ದೇಶದ ಮೊದಲ ಆಧಾರ್ ನಂಬರ್ ಕೊಟ್ಟದ್ದು ಮಹಾರಾಷ್ಟ್ರದ ನಂದೂರಬಾರ್ ಜಿಲ್ಲೆಯ ಟೆಂಭಲಿ ಅನ್ನುವ ಹಳ್ಳಿಯಲ್ಲಿ. ಪ್ರಧಾನಿ ಮನಮೋಹನ ಸಿಂಗ್, ಸೋನಿಯಾ ಗಾಂಧಿ ಇಬ್ಬರೂ ಬಂದಿದ್ರು.

2012ರಲ್ಲಿ ‘ಇದು ಸರಿ ಅಲ್ಲ’ ಅಂತ ಸುಪ್ರೀಂ ಕೋರ್ಟಿಗೆ ಹೋದವರೇ ನಾನು ಹೇಳಿದ ಆ ಅಜ್ಜ, ಕೆ.ಎಸ್. ಪುಟ್ಟಸ್ವಾಮಿ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. ಆಗ ಪ್ರಾಯ 86. (ನಿಮಗೆ 52ಕ್ಕೇ ಮೊಣಕಾಲು ನೋವು ಅಂತ ಮೀಟಿಂಗಿಗೆ ಬರುವುದಿಲ್ಲ.) ಸರಕಾರದ ವಕೀಲರು, ಖಾಸಗಿತನ ಅನ್ನುವ ಮೂಲಭೂತ ಹಕ್ಕೇ ನಮ್ಮಲ್ಲಿಲ್ಲ ಅಂತ ವಾದ ಹೂಡಿದ್ರು. 2017ರ ಮೇಯಲ್ಲಿ ಪ್ಯಾನ್‌ಗೆ ಆಧಾರ್ ಜೋಡಿಸುವ ಇನ್ನೊಂದು ಕೇಸಿನಲ್ಲಿ ಆಗಿನ ಅಟಾರ್ನಿ ಜನರಲ್ ಮುಕುಲ್ ರೋಹಟ್ಗಿ, ದೇಹದ ಮೇಲೆ ಮನುಷ್ಯನಿಗೆ ಪರಿಪೂರ್ಣ ಹಕ್ಕಿಲ್ಲ ಅಂತಲೂ ವಾದಿಸಿದ್ರು. ಸಂಜೆ ಆರಕ್ಕೆ ದಾದರಿನಲ್ಲಿ ವಿರಾರ್ ಫಾಸ್ಟ್ ಹತ್ತಿದವರಿಗೆ ಇದು ಹೊಸ ಸುದ್ದಿ ಏನಲ್ಲ.

2017ರ ಆಗಸ್ಟ್ 24ಕ್ಕೆ ಒಂಬತ್ತು ನ್ಯಾಯಮೂರ್ತಿಗಳು ಒಂದೇ ಸ್ವರದಲ್ಲಿ, ಖಾಸಗಿತನ ಮೂಲಭೂತ ಹಕ್ಕು ಅಂದ್ರು. ಮರುವರ್ಷ ಸೆಪ್ಟೆಂಬರಿನಲ್ಲಿ ಆಧಾರ್ ಮಾತ್ರ 4-1ರಲ್ಲಿ ಪಾಸಾಯ್ತು. ಆದ್ರೆ ಬ್ಯಾಂಕ್ ಖಾತೆಗೆ, ಸಿಮ್ ಕಾರ್ಡಿಗೆ ಅದನ್ನು ಕಡ್ಡಾಯ ಮಾಡುವ ಹಾಗಿಲ್ಲ ಅಂದ್ರು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ, 98ರ ಪ್ರಾಯದಲ್ಲಿ ತೀರಿಕೊಂಡ್ರು.

ಅವರು ಅಷ್ಟು ಗುದ್ದಾಡಿ ತಂದುಕೊಟ್ಟದ್ದನ್ನು ನೀವು ಎಂತ ಮಾಡಿದ್ರಿ? ಎರಡು ರೂಪಾಯಿಗೆ ಝೆರಾಕ್ಸ್ ಮಾಡಿಸಿದ್ರಿ! ಲೋನಾವಳಾದ ಲಾಡ್ಜಿಗೆ ಒಂದು, ಜಿಮ್ಮಿಗೆ ಒಂದು, ಮದುವೆ ಹಾಲ್ ಬುಕ್ಕಿಂಗಿಗೆ ಒಂದು. ಯಾರೂ ಕೇಳದಿದ್ರೂ ‘ಆಧಾರ್ ಬೇಕಾ?’ ಅಂತ ನೀವೇ ಪರ್ಸಿಗೆ ಕೈ ಹಾಕ್ತೀರಿ. ಆ ಝೆರಾಕ್ಸು ಯಾವ ಚೌಪಾಟಿಯಲ್ಲಿ ಯಾರ ಭೇಲ್‌ಪುರಿಗೆ ಪೊಟ್ಟಣ ಆಗ್ತದೋ ದೇವರೇ ಬಲ್ಲ.

2022ರ ಮೇ 27ಕ್ಕೆ ಏನಾಯ್ತು ಗೊತ್ತುಂಟಾ? ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿಯೇ ಒಂದು ಪ್ರಕಟಣೆ ಕೊಟ್ಟಿತು. ಕಂಡಕಂಡಲ್ಲಿ ಆಧಾರ್ ಝೆರಾಕ್ಸು ಕೊಡ್ಬೇಡಿ, ದುರುಪಯೋಗ ಆದೀತು, ಕೊಡುವುದಾದ್ರೆ ಕೊನೆಯ ನಾಲ್ಕು ಅಂಕೆ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ, ಹೋಟೆಲು ಸಿನಿಮಾ ಹಾಲಿನವರು ಅದನ್ನು ಇಟ್ಟುಕೊಳ್ಳುವ ಹಾಗಿಲ್ಲ ಅಂತ. ಜನ ಹೌಹಾರಿದ್ರು. ಎರಡು ದಿನ ಬಿಟ್ಟು ದಿಲ್ಲಿಯವರು ಪ್ರಕಟಣೆ ವಾಪಸ್ ತೆಗೊಂಡ್ರು! ತಪ್ಪು ಅರ್ಥ ಬಂದೀತು, ಮಾಮೂಲಿ ಎಚ್ಚರ ಇದ್ರೆ ಸಾಕು ಅಂದ್ರು. ಸರಕಾರದ ಬಾಯಿಂದ ತಪ್ಪಿ ಬಿದ್ದ ಒಂದು ಒಳ್ಳೇ ಮಾತು, ಅದರ ಆಯುಷ್ಯ ಎರಡು ದಿನ.

ಇಷ್ಟು ಹೊತ್ತು ನಗ್ತಿದ್ದ ಅಮ್ಮ, ಈಗ ನಿಮಗೊಂದು. ನಿಮ್ಮ ಮನೆಗೆ ಬರುವ ಕೆಲಸದ ಬಾಯಿಯ ಆಧಾರ್ ಝೆರಾಕ್ಸು ಎಲ್ಲುಂಟು? ಪೊಲೀಸ್ ವೆರಿಫಿಕೇಶನ್ ಅಂತ ಫೋಟೋ, ಗಂಡನ ನಂಬರು, ಊರಿನ ವಿಳಾಸ ಎಲ್ಲ ತೆಗೊಂಡ್ರಲ್ಲ? ಹಳೇ ಗ್ಯಾಸ್ ಬಿಲ್ಲಿನ ಒಟ್ಟಿಗೆ ಡ್ರಾಯರಿನಲ್ಲಿ. ಅವಳು ನಿಮ್ಮ ಆಧಾರ್ ಕೇಳಿದ್ರೆ ಕೊಡ್ತಿದ್ರಾ? ಸಂಜೆಗೇ ಬೇರೆ ಬಾಯಿ ಹುಡುಕ್ತಿದ್ರಿ.

ಕೋವಿಡ್ ಕಾಲದಲ್ಲಿ ಇದೇ ಬುದ್ಧಿ ನೋಡಿದೆವಲ್ಲ. 2020ರ ಮಾರ್ಚಿನಲ್ಲಿ ಪರದೇಶದಿಂದ ಬಂದವರ ಎಡಗೈಗೆ ವೋಟಿನ ಶಾಯಿಯಲ್ಲಿ ಕ್ವಾರಂಟೈನ್ ಸ್ಟ್ಯಾಂಪ್ ಒತ್ತಿದ್ರು. ಗರೀಬ್ ರಥ್ ರೈಲಿನಲ್ಲಿ ಹೊರಟ ನಾಲ್ವರ ಕೈ ನೋಡಿ ಬೊಬ್ಬೆ ಹಾಕಿದವರು ಪಕ್ಕದ ಪ್ಯಾಸೆಂಜರುಗಳು. ನಾಲ್ವರನ್ನೂ ಪಾಲ್ಘರಿನಲ್ಲಿ ಇಳಿಸಿದ್ರು. ಹೆದರಿಕೆ ಇತ್ತು, ಒಪ್ತೇನೆ. ಆದ್ರೆ ಸರಕಾರಕ್ಕೆ ಅಲ್ಲಿ ಕ್ಯಾಮೆರಾ ಬೇಕಾಗ್ಲಿಲ್ಲ ನೋಡಿ.

ನ್ಯಾಯವಾಗಿ ಹೇಳ್ಬೇಕಾದ್ರೆ ಒಂದೊಂದ್ಸಲ ನೀವೂ ಸೆಟೆದು ನಿಲ್ತೀರಿ. 2025ರ ನವೆಂಬರ್ ಕೊನೆಗೆ ಹೊಸ ಮೊಬೈಲಿನಲ್ಲೆಲ್ಲ ‘ಸಂಚಾರ್ ಸಾಥಿ’ ಆ್ಯಪ್ ಮೊದಲೇ ಹಾಕಿ ಕೊಡ್ಬೇಕು ಅಂತ ಟೆಲಿಕಾಂ ಇಲಾಖೆ ಕಂಪೆನಿಗಳಿಗೆ ಹೇಳಿತು. ಗಲಾಟೆ ಎದ್ದಿತು, ಡಿಸೆಂಬರ್ 3ಕ್ಕೆ ಆದೇಶ ವಾಪಸ್. ಫ್ಯಾಮಿಲಿ ಗ್ರೂಪಿನಲ್ಲಿ ನೀವು ಹಾಕಿದ ವೀರಾವೇಶದ ಮೆಸೇಜು ನಾನೂ ಓದಿದೆ. ಅದರ ಕೆಳಗೇ, ಮುದುಕರಾದಾಗ ನಿಮ್ಮ ಮುಖ ಹೇಗಿರ್ತದೆ ಅಂತ ಯಾವುದೋ ಆ್ಯಪ್ ಮಾಡಿಕೊಟ್ಟ ಫೋಟೋ ಇತ್ತು. ಆ ಆ್ಯಪ್ ಯಾವ ದೇಶದ್ದು, ಕೇಳಿದ್ರಾ?

ಕೊನೆಗೊಂದು ಲೆಕ್ಕ. 2023ರ ಡೇಟಾ ರಕ್ಷಣೆ ಕಾಯಿದೆಯಲ್ಲಿ, ದೇಶದ ಭದ್ರತೆಯ ಹೆಸರಿನಲ್ಲಿ ತನ್ನ ಇಲಾಖೆಗಳಿಗೆ ಪೂರಾ ವಿನಾಯಿತಿ ಕೊಡ್ಲಿಕ್ಕೆ ಕೇಂದ್ರ ಸರಕಾರಕ್ಕೆ ದಾರಿ ಇಟ್ಟಿದ್ದಾರೆ. ಅದೇ ಕಾಯಿದೆಯ ಮೂಲಕ ಮಾಹಿತಿ ಹಕ್ಕು ಕಾಯಿದೆಯ (ಆರ್‌ಟಿಐ) 8(1)(ಜೆ) ಕಲಮನ್ನೂ ತಿದ್ದಿದ್ರು. ಮೊದಲು ಸಾರ್ವಜನಿಕ ಹಿತ ಉಂಟು ಅಂತ ಅಲ್ಲೇ ತೋರಿಸಿ ಅಧಿಕಾರಿಯ ಮಾಹಿತಿ ಕೇಳ್ಬಹುದಿತ್ತು. ಈಗ ‘ಅದು ವೈಯಕ್ತಿಕ’ ಅಂದ್ರೆ ಬಾಗಿಲು ಹಾಕಿದ ಹಾಗೇ. ಅಂದ್ರೆ ಕಾಕೂ ನಿಮ್ಮ ಡಬ್ಬ ಎಣಿಸ್ತಾಳೆ, ಅವಳ ಬಾಗಿಲಿಗೆ ಮಾತ್ರ ಪರದೆ.

ನೀವು ಸುಪ್ರೀಂ ಕೋರ್ಟಿಗೆ ಹೋಗುವುದು ಬೇಡ, ಮೊಣಕಾಲು ನೋವುಂಟು, ಗೊತ್ತು. ಮಾಸ್ಕ್ಡ್ ಆಧಾರ್ ಪುಕ್ಕಟೆ ಸಿಗ್ತದೆ, ಮಗಳಿಗೆ ಹೇಳಿ ಡೌನ್‌ಲೋಡ್ ಮಾಡಿಸಿ. ಬೆರಳಚ್ಚು ಲಾಕ್ ಮಾಡುವ ವ್ಯವಸ್ಥೆಯೂ ಉಂಟು, ಅದನ್ನೂ ಮಾಡಿಸಿ. ಬಾಯಿಯ ಝೆರಾಕ್ಸು ಡ್ರಾಯರಿನಿಂದ ತೆಗೆದು ಅವಳಿಗೇ ವಾಪಸ್ ಕೊಡಿ. ಮತ್ತೆ ಮುಂದಿನ ಸಲ ಕೌಂಟರಿನವ ‘ಆಧಾರ್ ಕೊಡಿ’ ಅಂದಾಗ, ಪರ್ಸಿಗೆ ಕೈ ಹಾಕುವ ಮೊದಲು ‘ಎಂತಕ್ಕೆ?’ ಅಂತ ಒಂದೇ ಒಂದು ಮಾತು ಕೇಳಿ. ಕೇಳಿದ್ದಕ್ಕೆ ಇನ್ನೂ ಇ-ಚಲನ್ ಬರುವುದಿಲ್ಲ.